ಕೆಳದವಡೆಯ ವಿಳಾಸ

ಹಲ್ಲಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಯಾರನ್ನು ಕೇಳಿದರೂ ಅದು ಗೊತ್ತಿರಲಿಲ್ಲ. ಕೊರಿಯರ್‌ನವನು ಒಮ್ಮೆ ಪೊಟ್ಟಣದ ಮೇಲಿನ ಹೆಸರು ಓದಿ, ಇಂಥವರು ಇಲ್ಲಿ ಯಾರೂ ಇಲ್ಲ ಎಂದು ವಾಪಸು ಒಯ್ದದ್ದೂ ಉಂಟು. ಹಲ್ಲಿನ ಸೆಟ್ಟು ಮಾಡುವವಳು, ಆದ್ದರಿಂದ ಹಲ್ಲಕ್ಕ. ಅವಳ ಸ್ವಂತ ಮುಂದಿನ ಹಲ್ಲೆರಡು ಮಾತ್ರ ಒಂದರ ಮೇಲೊಂದು ಹತ್ತಿ ಕೂತಿದ್ದವು. ನಕ್ಕವರಿಗೆ, ಊರವರ ಬಾಯಿ ರಿಪೇರಿ ಮಾಡುವುದರಲ್ಲಿ ತನ್ನದಕ್ಕೆ ಪುರುಸೊತ್ತು ಸಿಗಲಿಲ್ಲ ಎಂದು ತಾನೇ ಮುಂದಾಗಿ ಹೇಳಿ ಬಾಯಿ ಮುಚ್ಚಿಸಿಬಿಡುತ್ತಿದ್ದಳು.

ಅವಳ ಲೋಕವೆಂದರೆ ಒಂದು ಮೆಟ್ಟಿಲ ಸಾಲು. ಕೆಳಗೆ ನೆಲಮಾಳಿಗೆಯಲ್ಲಿ ಕೆಲಸದ ಕೋಣೆ, ಅದರ ಮೇಲೆ ರಸ್ತೆಯ ಮಟ್ಟಕ್ಕೆ ಕೌಂಟರು, ಕೌಂಟರಿನ ಮೇಲೆ ಅಣ್ಣ ಅತ್ತಿಗೆಯ ಮನೆ, ಆ ಮನೆಯಲ್ಲಿ ಹಿಂಬದಿಯ ಕೋಣೆ ಇವಳದು. ಬೆಳಗ್ಗೆ ಇಳಿದರೆ ಸಂಜೆ ಹತ್ತುವುದು. ದಂತವೈದ್ಯರು ಕಳಿಸಿದ ಬಾಯಿ ಅಚ್ಚುಗಳು ಕೌಂಟರಿಗೆ ಬಂದು ಬೀಳುತ್ತವೆ; ಅಣ್ಣ ಅವನ್ನು ಕೆಳಗಿಳಿಸುತ್ತಾನೆ; ಇವಳು ಸ್ಪಿರಿಟ್ ದೀಪದ ಮೇಲೆ ಚಾಕು ಕಾಯಿಸಿ, ಮೇಣ ಕರಗಿಸಿ, ಒಂದೊಂದೇ ಹಲ್ಲನ್ನು ಕೂರಿಸುತ್ತಾಳೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಇವಳ ವಿಷಯದಲ್ಲಿ ಕೈ ಇವಳದು, ಬಾಯಿ ಇನ್ಯಾರದೋ. ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದೂ ಚಾವಣಿಗೆ ಅಂಟಿದಂತೆ ಉದ್ದಕ್ಕೆ ಕೊರೆದ ಕಂಡಿ. ಅದರಲ್ಲಿ ಜನರ ಪಾದಗಳಷ್ಟೇ ಕಾಣುತ್ತಿದ್ದವು, ಬಂದವು, ಹೋದವು. ಎಲ್ಲಿಗೆ ಹೋದವೋ ಇವಳಿಗೇನು ಗೊತ್ತು.

ಕೆಲಸ ಕಲಿಸಿದ್ದು ಅಪ್ಪ, ಅಣ್ಣ ತಂಗಿ ಇಬ್ಬರಿಗೂ. ಸಾಯುವ ಮುಂಚೆ ಇಬ್ಬರನ್ನೂ ಹತ್ತಿರ ಕೂರಿಸಿಕೊಂಡು, ನೀವಿಬ್ಬರೂ ಮೇಲಿನ ದವಡೆ ಕೆಳಗಿನ ದವಡೆ ಇದ್ದ ಹಾಗೆ, ಒಂದನ್ನು ಬಿಟ್ಟು ಒಂದು ಅಗಿಯಲಾರದು ಎಂದಿದ್ದರು. ಒಳ್ಳೆಯ ಮಾತೇ, ಇಲ್ಲವೆನ್ನುವವರು ಯಾರು? ಆದರೆ ಮೇಲಿನ ದವಡೆ ತಲೆಗೆ ಅಂಟಿಕೊಂಡು ಇದ್ದಲ್ಲೇ ಇರುತ್ತದೆ, ಆಡುವುದೆಲ್ಲ ಕೆಳಗಿನದೊಂದೇ ಎನ್ನುವುದು ಅಪ್ಪನಿಗೆ ತಿಳಿಯದ್ದಲ್ಲ. ಅಣ್ಣ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು. ಜಗಳವಾಡಿ ಎದ್ದು ಹೋಗಬಹುದಿತ್ತು. ಅವನೋ, ಜ್ವರ ಬಂದರೆ ಪಕ್ಕದಲ್ಲೇ ಕೂತು ಔಷಧಿ ಕುಡಿಸುವವನು, ‘ಪುಟ್ಟಿ’ ಬಿಟ್ಟು ಬೇರೆ ಮಾತಿನಿಂದ ಕರೆದವನಲ್ಲ. ಎರಡು ಸಲ ಇವಳು ಬೇರೆ ಊರಿನ ಕೆಲಸದ ಮಾತೆತ್ತಿದಾಗ ಬೈಯಲೂ ಇಲ್ಲ, ಬೇಡವೆನ್ನಲೂ ಇಲ್ಲ. ಊಟದ ತಟ್ಟೆ ಮುಂದೆ ಸುಮ್ಮನೆ ಕೂತ, ಕೈ ಹಾಕಲಿಲ್ಲ. ಅಷ್ಟೇ. ಇವಳ ಬಾಯಿಗೆ ಮೇಣ ಬಿತ್ತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಪ್ರೀತಿಯಿಂದ ಹಾಕಿದ ಬೀಗ ಯಾವ ಕೀಲಿಗೆ ಬಗ್ಗೀತು?

ಅವಳಿಗಿದ್ದ ಒಂದೇ ಹೊರಗೆಂದರೆ ಬ್ಲಾಗು. ಹೆಸರು ‘ಕೆಳದವಡೆ’. ಬಿಡುವಾದಾಗ ಅದರಲ್ಲಿ ಕೆಲಸದ ಸಂಗತಿ ಬರೆಯುತ್ತಿದ್ದಳು: ಹಲ್ಲನ್ನು ತೀರಾ ಸಾಲಾಗಿ ಕೂರಿಸಿದರೆ ಮುಖ ಯಾಕೆ ಸುಳ್ಳಾಗಿ ಕಾಣುತ್ತದೆ, ಸಿಟ್ಟಿನವರ ಹಲ್ಲು ಹೇಗೆ ಸವೆದಿರುತ್ತದೆ, ಗಂಡನ ಹಳೆಯ ಫೋಟೊ ತಂದು ‘ಇವರು ಹೀಗೆ ನಗ್ತಿದ್ರು, ಹಾಗೇ ಮಾಡಿ’ ಎಂದ ಹೆಂಗಸಿಗೆ ತಾನು ಏನು ಮಾಡಿಕೊಟ್ಟೆ, ಇಂಥವು. ಓದುವವರು ಹೆಚ್ಚಿಲ್ಲ, ಆದರೆ ಓದುವವರು ಬಿಡುತ್ತಿರಲಿಲ್ಲ. ಅವರಲ್ಲೊಬ್ಬರು ದೂರದೂರಿನಲ್ಲಿ ಹಲ್ಲಿನ ಸೆಟ್ಟು ಮಾಡುವುದನ್ನು ಕಲಿಸುವ ಶಾಲೆಯ ಮೇಡಂ. ತಮ್ಮಲ್ಲಿ ಮೇಣದ ಕೆಲಸ ಕಲಿಸುವವರು ನಿವೃತ್ತರಾಗುತ್ತಿದ್ದಾರೆ, ನೀವು ಬರುತ್ತೀರಾ ಎಂದು ಅವರೇ ಬರೆದು ಕೇಳಿದರು. ಹಲ್ಲಕ್ಕ ತನ್ನ ಕೆಲಸದ ಮಾದರಿ ಕಳಿಸಿದಳು, ಮೆಚ್ಚುಗೆ ಬಂತು. ಆಡಳಿತದವರ ಒಪ್ಪಿಗೆ ಸಿಕ್ಕ ಕೂಡಲೇ ನಿಮ್ಮ ಬ್ಲಾಗಿನ ಇಮೇಲ್ ವಿಳಾಸಕ್ಕೇ ಕಾಗದ ಹಾಕುತ್ತೇನೆ, ನೀವು ತಡಮಾಡದೆ ಉತ್ತರ ಕೊಡಬೇಕು, ತರಗತಿ ಶುರುವಾಗುವುದಿದೆ ಎಂದರು ಮೇಡಂ.

ಇಲ್ಲಿ ಇವಳಿಗೆ ಬುದ್ಧಿ ಓಡಿತು. ಓಡಬಾರದ ಕಡೆ ಓಡಿತು ಅನ್ನಿ. ಬ್ಲಾಗಿಗೆ ತನ್ನದೇ ಡೊಮೈನು, ಅಂದರೆ ಸ್ವಂತ ವಿಳಾಸ, ಇದ್ದರೂ ಅದು ಇದ್ದದ್ದು ಅಂಗಡಿಯ ವೆಬ್‌ಸೈಟಿನ ಸರ್ವರಿನಲ್ಲಿ, ಅದೇ ಖಾತೆಯಲ್ಲಿ, ಒಂದು ಮೂಲೆ ಹಿಡಿದುಕೊಂಡು. ಇವಳ ಇಮೇಲಿನ ಅಂಚೆಪೆಟ್ಟಿಗೆಯೂ ಅಲ್ಲೇ. ಕೌಂಟರಿನ ಕಂಪ್ಯೂಟರಿನಿಂದ ಅತ್ತಿಗೆಯೋ ಅಣ್ಣನೋ ಯಾವತ್ತಾದರೂ ಇಣುಕಿದರೆ? ಅದಕ್ಕೇ ಬ್ಲಾಗನ್ನು ಬೇರೆ ಕಡೆ, ತನ್ನದೇ ಒಂದು ಸಣ್ಣ ಸರ್ವರಿಗೆ ಸಾಗಿಸಿಬಿಡೋಣ ಎಂದುಕೊಂಡಳು. ತಾನು ಮೆಟ್ಟಿಲು ದಾಟುವ ಮುಂಚೆ ಬ್ಲಾಗಾದರೂ ದಾಟಲಿ. ನೋಡಿ ನೋಡಿ, ಓದಿ ಓದಿ, ಬರಹಗಳನ್ನೆಲ್ಲ ಒಂದೂ ಬಿಡದೆ ಸಾಗಿಸಿದಳು. ಹೊಸ ಸರ್ವರಿನಲ್ಲಿ ಅದೇ ಹೆಸರಿನ ಹೊಸ ಅಂಚೆಪೆಟ್ಟಿಗೆ ತೆರೆದಳು. ಮನೆ ಬಿಡುವಾಗ ಕಸ ಗುಡಿಸಿಯೇ ಬಿಡುವ ಜಾತಿ ಅವಳದು. ಹಳೆಯ ಕಡೆಯಿದ್ದ ಅಂಚೆಪೆಟ್ಟಿಗೆಯನ್ನು ಅಳಿಸಿ, ಗುರುತೂ ಇಲ್ಲದಂತೆ ಮಾಡಿದಳು.

ಅಂಚೆ ಸರಿಯಾಗಿ ಬರುತ್ತಿದೆಯೇ ಎಂದು ಪರೀಕ್ಷೆಯನ್ನೂ ಮಾಡಿದಳು, ಅವಸರ ಮಾಡಲಿಲ್ಲ. ಬ್ಲಾಗಿನಲ್ಲಿ ಓದುಗರು ಬರೆಯಲೆಂದು ಇಟ್ಟ ಜಾಗದಲ್ಲಿ ತಾನೇ ‘ಪರೀಕ್ಷೆ’ ಎಂದು ಬರೆದು ಕಳಿಸಿದಳು. ಟಣ್ ಎಂದು ಬಂತು. ಇನ್ನೊಮ್ಮೆ ಕಳಿಸಿದಳು, ಇನ್ನೊಮ್ಮೆ ಬಂತು. ಸಮಾಧಾನವಾಯಿತು. ಆದರೆ ಅದು ಸರ್ವರಿನ ಒಳಗಿನಿಂದ ಸರ್ವರಿನ ಒಳಗೇ ಹೋದ ಕಾಗದ. ಬಾಗಿಲು ಹಾಕಿಕೊಂಡು ಒಳಗಿನಿಂದ ತಾನೇ ಕೂಗಿ, ತಾನೇ ಓಗೊಟ್ಟು, ಆಹಾ, ಹೊರಗಿನವರಿಗೂ ಕೇಳಿಸುತ್ತದೆ ಎಂದು ನಂಬಿದ ಹಾಗಾಯಿತು.

ಆಮೇಲೆ ಕಾಯುವುದು. ಮೇಡಂ ಬರೆಯಲಿಲ್ಲ. ಒಂದು ವಾರ ಹೋಯಿತು, ಇನ್ನೂ ಒಂದು ಹೋಗುತ್ತ ಬಂತು. ಇವಳು ಮೇಣದ ಚಾಕು ಕಾಯಲಿಟ್ಟು ಫೋನು ನೋಡುವುದು, ಚಾಕು ಕೆಂಪಾಗಿ ಮೇಣ ಹೊತ್ತಿ ಹೊಗೆಯಾಡುವುದು. ಇವಳೇ ಮೇಡಂಗೆ ವಿನಯದಿಂದ ಒಂದು ಕಾಗದ ಬರೆದಳು, ಅದಕ್ಕೂ ಉತ್ತರವಿಲ್ಲ. ಸರಿ, ಬೇರೆ ಯಾರನ್ನೋ ತೆಗೆದುಕೊಂಡಿದ್ದಾರೆ ಎಂದುಕೊಂಡಳು. ಯಾವ ಮುಖ ಇಟ್ಟುಕೊಂಡು ಇನ್ನೊಮ್ಮೆ ಕೇಳುವುದು? ಮೆಟ್ಟಿಲು ಇಳಿಯುವಾಗ ಮೊದಲ ಸಲ ಗೋಡೆ ಹಿಡಿದು ಇಳಿದಳು. ಇನ್ನು ಇದೇ, ಸಾಯುವವರೆಗೂ ಇದೇ ಎಂದುಕೊಂಡಳು.

ವಿಚಿತ್ರವೆಂದರೆ ಅದೇ ದಿನಗಳಲ್ಲಿ ಅಣ್ಣನಿಗೆ ಕೆಳಗಿನ ಕೋಣೆಯ ಮೇಲೆ ಎಲ್ಲಿಲ್ಲದ ಕಾಳಜಿ ಹುಟ್ಟಿತು. ಧೂಳು ಹೀರುವ ಹೊಸ ಫ್ಯಾನು ಕೂರಿಸಿದ. ಟ್ಯೂಬ್‌ಲೈಟು ಬದಲಾಯಿಸಿದ. ಒಂದು ಮಧ್ಯಾಹ್ನ, ಬೆನ್ನಿಗೆ ಆನಿಕೆ, ಕೈಗೆ ಆಸರೆ ಇದ್ದ, ಸುತ್ತ ತಿರುಗುವ ಕುರ್ಚಿಯೊಂದನ್ನು ತಾನೇ ಹೊತ್ತು ಇಳಿಸಿ, ಬೆವರು ಒರೆಸಿಕೊಳ್ಳುತ್ತ ನಿಂತ. ಇವಳ ಬೆನ್ನು ನೋಯುತ್ತಿದ್ದದ್ದು ಇಂದು ನಿನ್ನೆಯದಲ್ಲ, ಅದುವರೆಗೂ ಕೂರುತ್ತಿದ್ದದ್ದು ಅಪ್ಪನ ಕಾಲದ ಮರದ ಸ್ಟೂಲಿನ ಮೇಲೆ. ಆದರೂ ಇವಳ ಕಣ್ಣು ತುಂಬಿತು. ಇಂಥ ಅಣ್ಣನಿಗೆ ಹೇಳದೆ ಕೇಳದೆ ಓಡಿಹೋಗಲು ಹೊರಟಿದ್ದೆನಲ್ಲ, ದೇವರು ಸರಿಯಾಗೇ ಮಾಡಿದ ಎಂದುಕೊಂಡು ಕುರ್ಚಿಯಲ್ಲಿ ಕೂತಳು. ಕುರ್ಚಿ ಮೆತ್ತಗಿತ್ತು, ಎದ್ದೇಳಲು ಮಾತ್ರ ಕಷ್ಟವಾಗುತ್ತಿತ್ತು.

ಗುಟ್ಟು ಬಿಚ್ಚಿದ್ದು ಒಬ್ಬ ಮುದುಕರು. ಅವರೂ ಹಲ್ಲಿನ ಕೆಲಸ ಮಾಡಿ ಬಿಟ್ಟವರು, ಬ್ಲಾಗಿನ ಹಳೆಯ ಓದುಗರು, ಅತಿ ಮಾತಿನವರು. ಒಂದು ಬರಹದ ಕೆಳಗೆ ಅವರು ಎಲ್ಲರೂ ಓದುವ ಹಾಗೆ ಹೀಗೆ ಬರೆದುಬಿಟ್ಟರು: ‘ಅಮ್ಮಾ, ನಿಮಗೆ ಮೂರು ಮೇಲ್ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ದೊಡ್ಡವರಾಗಿಬಿಟ್ಟಿರೋ?’

ಹಲ್ಲಕ್ಕ ಕೂಡಲೇ ಪೆಟ್ಟಿಗೆ ತೆರೆದು ಹುಡುಕಿದಳು. ಪೆಟ್ಟಿಗೆಯಲ್ಲಿ ಮುದುಕರ ಒಂದು ಕಾಗದವೂ ಇರಲಿಲ್ಲ. ಇವರದೇ ಬಂದಿಲ್ಲವೆಂದರೆ ಬೇರೆಯವರದೂ ಬಂದಿಲ್ಲ. ಅಂದರೆ ಮೇಡಂ ಬರೆದಿಲ್ಲವೆಂದು ಹೇಳಲು ಆಗದು.

ಹೊಸ ಸರ್ವರಿನವರ ಆನ್‌ಲೈನ್ ಸಹಾಯದ ಚಾಟ್‌ಗೆ ಹೋದಳು. ಅಲ್ಲಿ ಕೂತಿದ್ದವನು ಮೊದಲು ನಿಮ್ಮ ಸಮಸ್ಯೆ ನಮಗೆ ಅರ್ಥವಾಗುತ್ತದೆ ಎಂದ, ಆಮೇಲೆ ಸಮಸ್ಯೆ ಏನು ಎಂದು ಕೇಳಿದ. ಪಾಸ್‌ವರ್ಡ್ ಬದಲಾಯಿಸಿ ಎಂದ, ಬದಲಾಯಿಸಿದಳು. ಫೋನು ಆರಿಸಿ ಹಾಕಿ ಎಂದ, ಅದೂ ಆಯಿತು. ಇವನು ಹಲ್ಲು ನೋವು ಅಂದರೆ ಕಾಲಿಗೆ ಪಟ್ಟಿ ಕಟ್ಟುವವನು ಎಂದು ಇವಳು ಮನಸ್ಸಿನಲ್ಲೇ ಬೈದುಕೊಂಡಳು. ಕೊನೆಗೆ ಅವನ ಮೇಲಿನವಳು ಯಾರೋ ಬಂದಳು, ಒಂದೇ ಪ್ರಶ್ನೆ ಕೇಳಿದಳು: ಡೊಮೈನಿನ ಸೆಟ್ಟಿಂಗಿನಲ್ಲಿ ಎಂಎಕ್ಸ್ ರೆಕಾರ್ಡ್ ಬದಲಾಯಿಸಿದ್ದೀರಾ?

ಬದಲಾಯಿಸಿರಲಿಲ್ಲ. ಬ್ಲಾಗು ಓದಲು ಬರುವವರು ಯಾವ ಸರ್ವರಿಗೆ ಹೋಗಬೇಕು ಎನ್ನುವುದು ಒಂದು ಸಾಲು, ಅಂಚೆ ಯಾವ ಸರ್ವರಿಗೆ ಹೋಗಬೇಕು ಎನ್ನುವುದು ಇನ್ನೊಂದು ಸಾಲು. ಇವಳು ಮೊದಲಿನದನ್ನು ತಿದ್ದಿ, ಎರಡನೆಯದನ್ನು ಮುಟ್ಟಿರಲಿಲ್ಲ. ಮನೆ ಬದಲಾಯಿಸಿದಳು, ಪೋಸ್ಟ್‌ಮನ್‌ಗೆ ಹೇಳಲಿಲ್ಲ. ಅಷ್ಟೇ ಅಲ್ಲ, ಈ ಡೊಮೈನಿನ ಹೆಸರಿನಲ್ಲಿ ಅಂಚೆ ಕಳಿಸುವ ಹಕ್ಕು ಯಾವ ಸರ್ವರಿಗಿದೆ ಎಂದು ಹೇಳುವ ಸಾಲಿನಲ್ಲೂ ಹಳೆಯದರದೇ ಹೆಸರು. ಹಾಗಾಗಿ ಇವಳು ಮೇಡಂಗೆ ಬರೆದ ಕಾಗದ ಯಾರದೋ ಕಳ್ಳ ಕಾಗದವೆಂದು ಅಲ್ಲಿಯ ಸ್ಪ್ಯಾಮ್ ಬುಟ್ಟಿಗೆ ಬಿದ್ದಿರಬೇಕು. ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬಾಗಿಲಿಲ್ಲದ ಕೋಣೆಯಲ್ಲಿ ಕೂತು ಯಾರೂ ಬರುತ್ತಿಲ್ಲವೆಂದು ಅತ್ತಿದ್ದಳು.

ಉಳಿದ ಆ ಎರಡು ಸಾಲನ್ನೂ ತಿದ್ದಿದಳು. ಇದು ಎಲ್ಲ ಕಡೆ ತಲುಪಲು ಕೆಲವು ಗಂಟೆ ಹಿಡಿಯುತ್ತದೆ, ಕಾಯಿರಿ ಎಂದಳು ಆ ಮೇಲಿನವಳು. ಹಾಗಾದರೆ ಇಷ್ಟು ದಿನ ಬಂದದ್ದೆಲ್ಲ ಎಲ್ಲಿ ಹೋಯಿತು ಎಂದು ಹಲ್ಲಕ್ಕ ಕೇಳಿದಳು. ಹಳೆಯ ಸರ್ವರಿಗೆ. ಅಲ್ಲಿ ನನ್ನ ಪೆಟ್ಟಿಗೆ ಅಳಿಸಿದ್ದೇನಲ್ಲ? ಪೆಟ್ಟಿಗೆ ಇಲ್ಲದ ಅಂಚೆಯನ್ನು ಅಲ್ಲಿ ಯಾವುದಾದರೂ ಸಾಮಾನ್ಯ ಪೆಟ್ಟಿಗೆಗೆ ಹಾಕುವ ಏರ್ಪಾಟು ಇರಬಹುದು, ವಿಚಾರಿಸಿ ನೋಡಿ ಎಂದಳು ಅವಳು.

ವಿಚಾರಿಸುವುದೇನು ಬಂತು. ಆ ಏರ್ಪಾಟು ಮಾಡಿದವಳೇ ಇವಳು. ದಂತವೈದ್ಯರು ವಿಳಾಸ ತಪ್ಪು ಬರೆದರೂ ಆರ್ಡರು ತಪ್ಪಬಾರದೆಂದು, ಆ ಖಾತೆಗೆ ಬರುವ ವಾರಸುದಾರರಿಲ್ಲದ ಅಂಚೆಯೆಲ್ಲ ಕೌಂಟರಿನ ಪೆಟ್ಟಿಗೆಗೆ ಬೀಳಲಿ ಎಂದು ಅಂಗಡಿಯ ಸೈಟು ಶುರುವಾದಾಗ ತನ್ನ ಕೈಯಾರೆ ಹಾಕಿದ್ದಳು. ಯಾರ ಕಣ್ಣಿಗೂ ಬೀಳಬಾರದೆಂದು ಗಂಟು ಮೂಟೆ ಕಟ್ಟಿ ಓಡಿದ್ದಳಲ್ಲ, ಆ ಗಂಟು ನೇರವಾಗಿ ಕೌಂಟರಿನ ಮೇಜಿನ ಮೇಲೇ ಬಿದ್ದಿತ್ತು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ!

ಅಣ್ಣ ಸೆಟ್ಟು ತಲುಪಿಸಲು ಹೊರಗೆ ಹೋಗಿದ್ದ. ಕೌಂಟರಿನಲ್ಲಿ ಅತ್ತಿಗೆ ಒಬ್ಬರೇ ಬಿಲ್ಲು ಬರೆಯುತ್ತಿದ್ದರು. ಅತ್ತಿಗೆಯದು ಮೊದಲಿಂದಲೂ ಕಮ್ಮಿ ಮಾತು. ಮದುವೆಯಾಗಿ ಬಂದ ದಿನದಿಂದ ಆ ಕೌಂಟರಿನ ಹಿಂದೆ ಕೂತವರು, ಎದ್ದದ್ದು ಅಡುಗೆಮನೆಗೆ ಹೋಗಲು ಮಾತ್ರ. ಹಲ್ಲಕ್ಕ ಕಂಪ್ಯೂಟರ್ ಸ್ವಲ್ಪ ಬೇಕಿತ್ತು ಎಂದಳು. ಅತ್ತಿಗೆ ಯಾಕೆಂದು ಕೇಳದೆ ಕುರ್ಚಿ ಬಿಟ್ಟು ಎದ್ದರು.

ಪೆಟ್ಟಿಗೆಯಲ್ಲಿ ಎಲ್ಲವೂ ಇತ್ತು. ಮುದುಕರ ಮೂರೂ ಇದ್ದವು, ಒಡೆಯದೆ. ಮೇಡಂದು ಒಂದಿತ್ತು, ಅದನ್ನು ಮಾತ್ರ ಯಾರೋ ಒಡೆದು ಓದಿದ್ದರು. ಒಪ್ಪಿಗೆ ಸಿಕ್ಕಿದೆ, ಉಳಿಯಲು ಕೋಣೆ ಇದೆ, ಈ ವಾರದೊಳಗೆ ಉತ್ತರ ಕೊಡದಿದ್ದರೆ ಬೇರೆಯವರನ್ನು ಕರೆಯಬೇಕಾಗುತ್ತದೆ. ಆ ವಾರ ಮುಗಿದು ಹೋಗಿತ್ತು. ಕಾಗದ ಬಂದ ತಾರೀಖು ನೋಡಿದಳು. ಫ್ಯಾನು, ಟ್ಯೂಬ್‌ಲೈಟು, ಕುರ್ಚಿ, ಎಲ್ಲ ಅದರ ಬೆನ್ನಿಗೇ ಬಂದದ್ದು. ಆಹಾ, ಬೆನ್ನು ನೋವಿಗೆ ತಂದ ಕುರ್ಚಿ!

ಕಾಗದದ ಪಕ್ಕದಲ್ಲಿ ಸಣ್ಣ ಬಾಣದ ಗುರುತಿತ್ತು. ಉತ್ತರ ಹೋಗಿದೆ ಎಂಬ ಗುರುತು. ಬೇಡವೆಂದು ಬರೆದುಬಿಟ್ಟಿದ್ದಾನೆ, ಮುಗಿಯಿತು ಎಂದುಕೊಂಡೇ ತೆರೆದಳು. ಅಂಗಡಿಯ ವಿಳಾಸದಿಂದ, ಕೆಳಗೆ ಇವಳ ಪೂರ್ತಿ ಹೆಸರು ಹಾಕಿ, ಬಿಲ್ಲು ಬರೆದ ಹಾಗೆ ಎರಡೇ ಸಾಲು: ‘ನಾನು ಬರುತ್ತೇನೆ. ಇಂಟರ್ನೆಟ್ ತೊಂದರೆ ಇದೆ, ದಯವಿಟ್ಟು ಸ್ವಲ್ಪ ಕಾಯಿರಿ.’

ತಲೆಯೆತ್ತಿದಾಗ ಅತ್ತಿಗೆ ಬಾಗಿಲ ಕಡೆ ನೋಡುತ್ತ ನಿಂತಿದ್ದರು.

“ನಿಮ್ಮಣ್ಣಂಗೆ ತೋರಿಸ್ದೆ. ಅಳಿಸಿಬಿಡು ಅಂದ್ರು,” ಎಂದರು ಅತ್ತಿಗೆ. “ಅಳಿಸ್ದೆ ಅಂತ ಹೇಳ್ದೆ.”

“ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಅತ್ತಿಗೆ.”

“ಕೇಳಿದ್ರೆ ನೀನು ಬೇಡ ಅಂತಿದ್ದೆ. ಅಣ್ಣ ಊಟ ಮಾಡಲ್ಲ ಅಂತಿದ್ದೆ.”

ಸುಳ್ಳಲ್ಲ. ಆದರೂ ಹಲ್ಲಕ್ಕನಿಗೆ ಮೈ ಉರಿದುಹೋಯಿತು. ಒಬ್ಬರು ನನ್ನನ್ನು ಇಟ್ಟುಕೊಳ್ಳಲು ಕುರ್ಚಿ ತಂದರು, ಇನ್ನೊಬ್ಬರು ಕಳಿಸಲು ಕಾಗದ ಬರೆದರು. ನನ್ನ ಬಾಯಿ ಇದ್ದದ್ದು ಯಾತಕ್ಕೆ? ಅದೂ ಅಲ್ಲದೆ ಅತ್ತಿಗೆಗೆ ನಾನು ತೊಲಗಿದರೆ ಸಾಕಾಗಿತ್ತೋ ಏನೋ, ಹಿಂಬದಿಯ ಕೋಣೆ ಖಾಲಿಯಾಗುತ್ತದೆ. ಆ ಮಾತನ್ನೂ ಆಡಿಬಿಟ್ಟಳು, ತಡೆಯಲಾಗಲಿಲ್ಲ. ಅತ್ತಿಗೆ ಕುರ್ಚಿಯಲ್ಲಿ ಕೂತು ಮತ್ತೆ ಬಿಲ್ಲಿನ ಪುಸ್ತಕ ಎಳೆದುಕೊಂಡರು.

ಹಲ್ಲಕ್ಕ ಕೆಳಗಿಳಿದು ಅಪ್ಪನ ಸ್ಟೂಲನ್ನು ಹುಡುಕಿ ತೆಗೆದು ಅದರ ಮೇಲೆ ಕೂತಳು. ಎಲ್ಲ ಕಡೆ ತಲುಪುವವರೆಗೆ ಕಾಯಬೇಕಲ್ಲ. ನೋವು ಬಿಚ್ಚಿಕೊಂಡು ಕೂರುವ ಹೊತ್ತಲ್ಲವೆಂದು ಒಂದು ಕೆಳದವಡೆಯ ಸೆಟ್ಟಿಗೆ ಹಲ್ಲು ಕೂರಿಸತೊಡಗಿದಳು. ನಡುನಡುವೆ ಮುದುಕರಿಗೆ ಹೊಸ ವಿಳಾಸದಿಂದ ಕಾಗದ ಹಾಕಿ, ಬಂತೇ ಎಂದು ಬ್ಲಾಗಿನಲ್ಲೇ ಕೇಳುವುದು. ಇಲ್ಲ ಎನ್ನುತ್ತಿದ್ದರು. ಒಮ್ಮೆ ಸ್ಪ್ಯಾಮಿನಲ್ಲಿ ಸಿಕ್ಕಿತು, ಲಾಟರಿ ಕಾಗದದ ಪಕ್ಕದಲ್ಲಿ ಕೂತಿತ್ತು ಎಂದರು. ಸಂಜೆಯ ಹೊತ್ತಿಗೆ ಅವರ ಉತ್ತರ ನೇರವಾಗಿ ಇವಳ ಪೆಟ್ಟಿಗೆಗೇ ಬಂತು: ‘ಸರಿಯಾದ ಜಾಗದಲ್ಲಿ ಬಂದಿದೆ ತಾಯಿ. ಇನ್ನು ಮೇಲಾದರೂ ಉತ್ತರ ಬರೆಯಿರಿ.’

ಆಗ ಮೇಡಂಗೆ ಬರೆದಳು. ಬರೆದು ಅಳಿಸಿದಳು, ಅಳಿಸಿ ಬರೆದಳು. ಮೊದಲು ಬಂದ ಉತ್ತರ ನನ್ನದಲ್ಲ, ನನ್ನ ಹೆಸರಿನಲ್ಲಿ ಮನೆಯವರು ಬರೆದದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನನ್ನದು ಇದು. ಜಾಗ ಇನ್ನೂ ಇದ್ದರೆ ಬರುತ್ತೇನೆ, ಇಲ್ಲದಿದ್ದರೆ ತಿಳಿಸಿ. ಕಳಿಸಿದಳು. ಕಳಿಸಿ, ದೀಪ ಆರಿಸಿ, ಜಾಗ ಇದೆಯೋ ಇಲ್ಲವೋ ಗೊತ್ತಾಗುವ ಮುಂಚೆಯೇ ಮೇಲೆ ಹತ್ತಿದಳು. ಉತ್ತರ ಬರುವವರೆಗೆ ಕಾದರೆ ಧೈರ್ಯ ಉಳಿಯುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ.

ಅಣ್ಣ ಆಗಷ್ಟೇ ಬಂದು ಕೌಂಟರಿನಲ್ಲಿ ಚೀಲ ಇಳಿಸುತ್ತಿದ್ದ. ಇವಳ ಮುಖ ನೋಡಿ ಕುರ್ಚಿ ಸರಿಯಾಗಿಲ್ಲವೇ, ಬದಲಾಯಿಸಿ ತರಲೇ ಎಂದು ಕೇಳಿದ.

“ಕುರ್ಚಿ ಚೆನ್ನಾಗಿದೆ ಅಣ್ಣ,” ಎಂದಳು ಹಲ್ಲಕ್ಕ. “ನನ್ನ ಜಾಗಕ್ಕೆ ಬರೋರಿಗೆ ಬೇಕಾಗುತ್ತೆ, ಹಾಗೇ ಇಟ್ಟಿರು.”

ಅಣ್ಣ ಒಮ್ಮೆ ಹೆಂಡತಿಯ ಕಡೆ ನೋಡಿದ. ಅತ್ತಿಗೆ ತಲೆಯೆತ್ತಲಿಲ್ಲ. ಕಾಗದ ನೋಡಿದೆಯಾ ಎಂದು ಅವನು ಕೇಳಲೂ ಇಲ್ಲ, ಇವಳು ಹೇಳಲೂ ಇಲ್ಲ. ಅವನು ಚೀಲವನ್ನು ಪಕ್ಕಕ್ಕೆ ಸರಿಸಿ, “ಅಪ್ಪ ಹೇಳಿದ್ದು ಮರೆತುಬಿಟ್ಯಾ ಪುಟ್ಟಿ?” ಎಂದ.

“ಮರೆತಿಲ್ಲ. ಬಾಯಿ ತೆರೀಬೇಕಾದ್ರೆ ಕೆಳಗಿನ ದವಡೆನೇ ತಾನೆ ಇಳಿಯೋದು. ಮೇಲಿಂದು ಅಲ್ಲಾಡಲ್ಲ.”

ಅವತ್ತು ರಾತ್ರಿ ಅವನು ತಟ್ಟೆ ಮುಂದೆ ಕೈಕಟ್ಟಿ ಕೂತ. ಹಲ್ಲಕ್ಕ ಹಲ್ಲು ಕಚ್ಚಿ ಪೂರ್ತಿ ಉಂಡಳು. ಅಷ್ಟು ಕಷ್ಟಪಟ್ಟು ಅವಳು ಯಾವತ್ತೂ ಊಟ ಮಾಡಿರಲಿಲ್ಲ.

ಮರುದಿನ ಮೇಡಂ ಅವರ ಉತ್ತರ ಬಂತು, ಬರಬೇಕಾದ ಪೆಟ್ಟಿಗೆಗೇ ಬಂತು. ನಿಮ್ಮಿಂದ ಎರಡು ಕಾಗದ ಸಿಕ್ಕಿದವು ಎಂದು ಬರೆದಿದ್ದರು. ಅಂಗಡಿಯ ವಿಳಾಸದ್ದು ಬಾರದಿದ್ದರೆ ಜಾಗವನ್ನು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದೆ. ಆದರೆ ಅದು ನಿಮ್ಮ ಬರವಣಿಗೆಯಂತೆ ಕಾಣದ್ದರಿಂದ ಹೆಸರು ಬರೆಯದೆ ಕಾದೆ. ಈಗ ಬರೆದಿದ್ದೇನೆ, ಹೊರಟು ಬನ್ನಿ.

ಹಲ್ಲಕ್ಕ ಅದನ್ನು ಎರಡು ಸಲ ಓದಿದಳು. ಫೋನು ಹಿಡಿದುಕೊಂಡು ಮೆಟ್ಟಿಲು ಹತ್ತಿ, ಕೌಂಟರಿನ ಮೇಲೆ ಅತ್ತಿಗೆಯ ಮುಂದಿಟ್ಟಳು. ನಿನ್ನೆ ಆಡಿದ ಮಾತಿಗೆ ತಪ್ಪಾಯಿತು ಎನ್ನಬೇಕೆಂದು ಬಂದಿದ್ದಳು, ಅದರ ಬದಲು ಫೋನನ್ನು ಇನ್ನಷ್ಟು ಹತ್ತಿರ ಸರಿಸಿದಳು. ಅತ್ತಿಗೆ ನಿಧಾನವಾಗಿ ಓದಿದರು. ಓದಿ ಫೋನನ್ನು ಹಿಂದಕ್ಕೆ ತಳ್ಳಿ, ಅಂಗಡಿಯ ಬಾಗಿಲಲ್ಲಿ ಯಾರೂ ಇಲ್ಲವೆಂದು ಒಮ್ಮೆ ನೋಡಿಕೊಂಡರು.

“ಹೋಗೋಕ್ಕೆ ಮುಂಚೆ ನಂಗೂ ಒಂದು ವಿಳಾಸ ಮಾಡಿಕೊಡ್ತೀಯಾ?” ಎಂದರು. “ಅಂಗಡೀದು ಬೇಡ. ನಂದು.”

ಹಲ್ಲಕ್ಕ ಅಲ್ಲೇ ನಿಂತುಕೊಂಡೇ ಹೊಸ ಪೆಟ್ಟಿಗೆ ತೆರೆದಳು. ಹೆಸರು ಕೇಳುವ ಜಾಗದಲ್ಲಿ ಬೆರಳು ಒಂದು ಗಳಿಗೆ ತಡೆಯಿತು. ಅತ್ತಿಗೆಯನ್ನು ಅತ್ತಿಗೆ ಎಂದಲ್ಲದೆ ಬೇರೆ ಯಾವ ಹೆಸರಿನಿಂದಲೂ ಅವಳು ಕರೆದೇ ಇರಲಿಲ್ಲ. ಕೇಳಿದಳು. ಅತ್ತಿಗೆ ಒಂದೊಂದೇ ಅಕ್ಷರ ಹೇಳಿದರು, ಇವಳು ಒಂದೊಂದನ್ನೇ ಟೈಪು ಮಾಡಿದಳು.